ಸಮವಸ್ತ್ರ, ಶೂ ಖರೀದಿ: ಖರ್ಚಿಗೆ ಕಡಿವಾಣ ಹಾಕುವುದು ಹೇಗೆ?

ಶುಲ್ಕ, ಪುಸ್ತಕ, ಚೀಲಗಳ ಜೊತೆಗೆ ಸಮವಸ್ತ್ರ ಮತ್ತು ಶೂಗಳ ಖರ್ಚೂ ಒಟ್ಟಿಗೇ ಬಂದು ಬೀಳುವುದರಿಂದ ಅಂಗಡಿಯಲ್ಲಿ ಪೋಷಕರ ಕಣ್ಣು ಮೊದಲು ಹೋಗುವುದು ಬೆಲೆಚೀಟಿಯ ಮೇಲೆಯೇ. ಆದರೆ ಒಂದು ಉಡುಪಿಗೆ ನಿಜವಾಗಿ ತಗಲುವ ವೆಚ್ಚ ತಿಳಿಯಬೇಕಾದರೆ ಅದರ ಬೆಲೆಯನ್ನು ಅದು ಬಾಳುವ ಕಾಲದಿಂದ ಭಾಗಿಸಬೇಕು. ಒಂದೇ ವರ್ಷಕ್ಕೆ ಗಿಡ್ಡವಾಗುವ ಪ್ಯಾಂಟಿಗಿಂತ ಒಂದೂವರೆ ಪಟ್ಟು ಬೆಲೆಯದಾದರೂ ಎರಡು ವರ್ಷ ಬರುವ ಪ್ಯಾಂಟು ವರ್ಷದ ಲೆಕ್ಕದಲ್ಲಿ ಕಾಲುಭಾಗ ಅಗ್ಗ. ಈ ಲೆಕ್ಕ ಬಟ್ಟೆಗೆ ಚೆನ್ನಾಗಿ ಹೊಂದುತ್ತದೆ, ಶೂಗೆ ಹೊಂದುವುದಿಲ್ಲ. ಬೆಳವಣಿಗೆಗೆ ಎಲ್ಲಿ ಜಾಗ ಬಿಡಬೇಕು, ಎಲ್ಲಿ ಬಿಡಬಾರದು ಎಂಬುದೇ ಇಡೀ ಖರೀದಿಯ ಗುಟ್ಟು.

ಮೊದಲು ಇರುವುದರ ಲೆಕ್ಕ

ಅಂಗಡಿಗೆ ಹೊರಡುವ ಮುನ್ನ ಕಳೆದ ವರ್ಷದ ಬಟ್ಟೆಗಳನ್ನು ಹೊರತೆಗೆದು ಮಗುವಿಗೆ ತೊಡಿಸಿಯೇ ನೋಡಬೇಕು. ಗಿಡ್ಡವಾಗಿದೆ ಎಂದುಕೊಂಡಿದ್ದ ಪ್ಯಾಂಟಿನ ಒಳಮಡಿಕೆಯಲ್ಲಿ ಇನ್ನೂ ನಾಲ್ಕು ಬೆರಳು ಬಟ್ಟೆ ಉಳಿದಿರುವುದುಂಟು. ಹಾಗೆಯೇ ಶಾಲೆಯ ಪಟ್ಟಿಯಲ್ಲಿ ಲಾಂಛನ ಇರಲೇಬೇಕಾದ ಉಡುಪು ಯಾವುದು, ಬಣ್ಣ ಹೊಂದಿದರೆ ಸಾಕಾಗುವುದು ಯಾವುದು ಎಂಬುದನ್ನು ಶಾಲೆಯಲ್ಲೇ ಕೇಳಿ ಬೇರ್ಪಡಿಸಿಕೊಳ್ಳುವುದು ಒಳ್ಳೆಯದು. ಎರಡನೆಯ ಬಗೆಯದನ್ನು ಎಲ್ಲಿ ಬೇಕಾದರೂ ಕೊಳ್ಳಬಹುದು. ಲಾಂಛನದ ಪಟ್ಟಿಯನ್ನು ಬಿಡಿಯಾಗಿ ಕೊಡುವ ಶಾಲೆಯಾದರೆ ಹಳೆಯ ಅಂಗಿಯಿಂದ ಬಿಚ್ಚಿ ಹೊಸದಕ್ಕೆ ಹೊಲಿಯಲೂಬಹುದು.

ಎಷ್ಟು ಜೊತೆ ಬೇಕು ಎಂಬುದನ್ನು ನಿರ್ಧರಿಸುವುದು ಮನೆಯಲ್ಲಿ ಬಟ್ಟೆ ಒಗೆಯುವ ರೂಢಿ. ದಿನ ಬಿಟ್ಟು ದಿನ ಒಗೆಯುವವರಿಗೆ ಮೂರು ಅಂಗಿ ಧಾರಾಳವಾಯಿತು. ವಾರಕ್ಕೊಮ್ಮೆ ಒಗೆಯುವವರಿಗೆ ಐದು ಬೇಕಾಗುತ್ತದೆ. ಪ್ಯಾಂಟು, ಸ್ಕರ್ಟುಗಳು ಅಂಗಿಯಷ್ಟು ಬೇಗ ಕೊಳೆಯಾಗುವುದಿಲ್ಲವಾದ್ದರಿಂದ ಮೂರು ಅಂಗಿಗೆ ಎರಡು ಸಾಕು. ಎಲ್ಲವನ್ನೂ ಜೊತೆ ಜೊತೆಯಾಗಿಯೇ ಕೊಳ್ಳಬೇಕೆಂಬ ಅಭ್ಯಾಸದಿಂದಲೇ ಎಷ್ಟೋ ಹಣ ಕಪಾಟಿನಲ್ಲಿ ಕೊಳೆಯುತ್ತದೆ.

ಬಟ್ಟೆ: ಬೆಳವಣಿಗೆಗೆ ಜಾಗ ಬಿಡಿ

ಪ್ರಾಥಮಿಕ ಶಾಲೆಯ ವಯಸ್ಸಿನ ಮಗು ವರ್ಷಕ್ಕೆ ಸುಮಾರು 5ರಿಂದ 6 ಸೆಂಟಿಮೀಟರ್ ಎತ್ತರ ಬೆಳೆಯುತ್ತದೆ. ಅದರಲ್ಲಿ ಅರ್ಧದಷ್ಟು, ಅಥವಾ ತುಸು ಹೆಚ್ಚು, ಕಾಲಿನ ಉದ್ದಕ್ಕೆ ಸೇರುತ್ತದೆ. ಹಾಗಾಗಿ ಪ್ಯಾಂಟಿನ ಕೆಳಗೆ 6 ಸೆಂಟಿಮೀಟರ್ ಒಳಮಡಿಕೆ ಇದ್ದರೆ ಹೆಚ್ಚುಕಡಿಮೆ ಎರಡು ವರ್ಷದ ಬೆಳವಣಿಗೆ ಅದರೊಳಗೇ ಅಡಗಿದೆ ಎಂದು ಲೆಕ್ಕ. ಹದಿಹರೆಯಕ್ಕೆ ಕಾಲಿಡುವಾಗ ಈ ಲೆಕ್ಕ ತಪ್ಪುತ್ತದೆ, ಆಗ ಬೆಳವಣಿಗೆ ಇನ್ನೂ ಬಿರುಸು. ರೆಡಿಮೇಡ್ ಪ್ಯಾಂಟನ್ನು ಕೈಗೆ ತೆಗೆದುಕೊಂಡಾಗ ಮೊದಲು ಕೆಳಗಿನ ಅಂಚನ್ನು ತಿರುವಿ ನೋಡಬೇಕು. ಅಲ್ಲಿ ಒಂದು ಬೆರಳಿನಷ್ಟೇ ಬಟ್ಟೆ ಮಡಿಸಿ ಹೊಲಿದಿದ್ದರೆ ಆ ಪ್ಯಾಂಟಿನ ಆಯುಸ್ಸು ಒಂದೇ ವರ್ಷ, ಬೆಲೆ ಎಷ್ಟೇ ಕಡಿಮೆಯಿರಲಿ. ಸೊಂಟದ ಪಟ್ಟಿಯ ಒಳಗೆ ಸಾಲಾಗಿ ಕಾಜಗಳಿರುವ ಇಲಾಸ್ಟಿಕ್ ಮತ್ತು ಅದನ್ನು ಸಿಕ್ಕಿಸುವ ಗುಂಡಿ ಇದ್ದರೆ ಅಗಲವನ್ನೂ ಬೇಕಾದಂತೆ ಹಿಗ್ಗಿಸಿ ಕುಗ್ಗಿಸಬಹುದು. ನನ್ನ ಮಟ್ಟಿಗೆ, ಸ್ವಲ್ಪ ಹೆಚ್ಚು ಹಣ ಕೊಟ್ಟಾದರೂ ಕೊಳ್ಳಬೇಕಾದ ಸೌಕರ್ಯಗಳು ಇವೆರಡೇ.

ಮಡಿಕೆ ಬಿಚ್ಚಿದ ಮೇಲೆ ಹಳೆಯ ಅಂಚಿದ್ದ ಕಡೆ ಗೆರೆ ಉಳಿಯುವುದು ನಿಜ. ಒದ್ದೆ ಬಟ್ಟೆ ಹಾಸಿ ಇಸ್ತ್ರಿ ಮಾಡಿದರೆ ಮುದುಡಿದ ಗುರುತು ಬಹುಮಟ್ಟಿಗೆ ಹೋಗುತ್ತದೆ. ಬಣ್ಣ ಮಾಸಿ ಆದ ಗೆರೆ ಹೋಗುವುದಿಲ್ಲ, ಅದರ ಮೇಲೆ ಅದೇ ಬಣ್ಣದ ದಾರದಲ್ಲಿ ಒಂದು ಸಾಲು ಹೊಲಿಗೆ ಹಾಕಿಸಿದರೆ ಕಣ್ಣಿಗೆ ಹೊಡೆಯುವುದು ತಪ್ಪುತ್ತದೆ.

ಬಟ್ಟೆಯ ಜಾತಿಯನ್ನೂ ಗಮನಿಸಬೇಕು. ಅಪ್ಪಟ ಹತ್ತಿ ಬೆವರು ಹೀರುತ್ತದೆ, ಮೈಗೆ ಹಿತ, ಆದರೆ ಮೊದಲ ಒಗೆತಗಳಲ್ಲಿ ಕುಗ್ಗುತ್ತದೆ. ಸಮವಸ್ತ್ರಗಳಲ್ಲಿ ಹೆಚ್ಚಾಗಿ ಕಾಣುವ 65 ಪಾಲು ಪಾಲಿಯೆಸ್ಟರ್, 35 ಪಾಲು ಹತ್ತಿಯ ಮಿಶ್ರಣ ಅಷ್ಟು ಕುಗ್ಗುವುದಿಲ್ಲ, ಬೇಗ ಒಣಗುತ್ತದೆ, ಇಸ್ತ್ರಿಯೂ ಕಡಿಮೆ ಸಾಕು. ಸೆಖೆ ಹೆಚ್ಚಿರುವ ಕಡೆ ಅಂಗಿಗೆ ಹತ್ತಿಯ ಪಾಲು ಹೆಚ್ಚಿರಲಿ, ಪ್ಯಾಂಟಿಗೆ ಮಿಶ್ರಣವೇ ಇರಲಿ. ಹೊಲಿಸುವುದಾದರೆ ಹತ್ತಿ ಬಟ್ಟೆಯನ್ನು ಒಮ್ಮೆ ನೆನೆಸಿ ಒಣಗಿಸಿ ಕೊಡುವುದು ಕ್ಷೇಮ. ಇಲ್ಲವಾದರೆ ಅಳತೆಗೆ ಬಿಟ್ಟ ಜಾಗವನ್ನು ಮಗುವಿಗಿಂತ ಮೊದಲು ನೀರೇ ತಿಂದುಬಿಡುತ್ತದೆ. ಪ್ಯಾಂಟಿನ ಎರಡು ಕಾಲು ಕೂಡುವ ಕವಲಿನ ಹೊಲಿಗೆ, ಕಂಕುಳಿನ ಹೊಲಿಗೆ, ಜೇಬಿನ ಮೂಲೆ ಇವು ಮೊದಲು ಹರಿಯುವ ಜಾಗಗಳು. ಅಲ್ಲಿ ಎರಡೂ ಕೈಯಿಂದ ಮೆಲ್ಲಗೆ ಎಳೆದು ನೋಡಿ, ಹೊಲಿಗೆಯ ನಡುವೆ ಬೆಳಕು ಕಂಡರೆ ಆ ಉಡುಪನ್ನು ಬಿಟ್ಟುಬಿಡಿ.

ಶೂ: ಇಲ್ಲಿ ದೊಡ್ಡದು ಬೇಡ

ಹೇಗೂ ಬೆಳೆಯುವ ಮಗು ಎಂದು ಎರಡು ಅಳತೆ ದೊಡ್ಡ ಶೂ ಕೊಡಿಸುವವರಿದ್ದಾರೆ. ಉಳಿತಾಯದಂತೆ ಕಂಡರೂ ಇದು ನಷ್ಟದ ಬಾಬತ್ತು. ಯುರೋಪಿನ ಅಳತೆಯಲ್ಲಿ ಒಂದು ಸಂಖ್ಯೆಗೂ ಮುಂದಿನದಕ್ಕೂ ಸುಮಾರು 6.7 ಮಿಲಿಮೀಟರ್, ಬ್ರಿಟಿಷ್ ಅಳತೆಯಲ್ಲಿ ಸುಮಾರು 8.5 ಮಿಲಿಮೀಟರ್ ವ್ಯತ್ಯಾಸವಿದೆ. ಹೆಬ್ಬೆರಳಿನ ಮುಂದೆ ಇರಬೇಕಾದ 1ರಿಂದ 1.2 ಸೆಂಟಿಮೀಟರ್ ಜಾಗದ ಮೇಲೆ ಇನ್ನೂ ಎರಡು ಸಂಖ್ಯೆ ಸೇರಿದರೆ ಕಾಲು ಒಳಗೆ ಜಾರುತ್ತದೆ, ಹಿಮ್ಮಡಿ ಉಜ್ಜಿ ಬೊಬ್ಬೆ ಬರುತ್ತದೆ, ಶೂ ಮಡಿಚಬೇಕಾದ ಜಾಗದಲ್ಲಿ ಮಡಿಚದೆ ಬೇರೆಡೆ ಬಿರಿಯುತ್ತದೆ. ಕಾಲು ತುಂಬುವ ಹೊತ್ತಿಗೆ ಶೂ ಮುಗಿದಿರುತ್ತದೆ.

ಅಳತೆ ತೆಗೆಯುವ ಕ್ರಮ ಸುಲಭ. ದಿನವಿಡೀ ಓಡಾಡಿದ ಪಾದ ಸಂಜೆಗೆ ತುಸು ಉಬ್ಬಿರುವುದರಿಂದ ಸಂಜೆಯೇ ಅಳೆಯಬೇಕು. ಶಾಲೆಗೆ ಹಾಕುವ ಕಾಲ್ಚೀಲವನ್ನೇ ತೊಡಿಸಿ, ಮಗುವನ್ನು ಕಾಗದದ ಮೇಲೆ ನೇರವಾಗಿ ನಿಲ್ಲಿಸಿ, ಹಿಮ್ಮಡಿಯ ತುದಿ ಮತ್ತು ಅತಿ ಉದ್ದದ ಬೆರಳಿನ ತುದಿಗೆ ಗುರುತು ಹಾಕಿ. ಕುಳಿತಾಗ ತೆಗೆದ ಅಳತೆ ಚಿಕ್ಕದಾಗಿ ಬರುತ್ತದೆ. ಎರಡೂ ಪಾದ ಒಂದೇ ಅಳತೆ ಇರುವುದು ಅಪರೂಪ, ದೊಡ್ಡದನ್ನೇ ಲೆಕ್ಕಕ್ಕೆ ಹಿಡಿಯಿರಿ. ಆ ಉದ್ದಕ್ಕೆ 1 ಸೆಂಟಿಮೀಟರ್ ಸೇರಿಸಿ ರಟ್ಟಿನ ಕಿರಿದಾದ ಪಟ್ಟಿಯೊಂದನ್ನು ಕತ್ತರಿಸಿ ಅಂಗಡಿಗೆ ಒಯ್ಯಿರಿ. ಶೂವಿನೊಳಗೆ ಪಟ್ಟಿ ಹಿಂದೆ ಮುಂದೆ ಹೆಚ್ಚು ಜಾರದೆ ಚಪ್ಪಟೆಯಾಗಿ ಮಲಗಿದರೆ ಉದ್ದ ಸರಿ. ಬಾಗಿದರೆ ಪೆಟ್ಟಿಗೆಯ ಮೇಲೆ ಯಾವ ಸಂಖ್ಯೆ ಇದ್ದರೂ ಆ ಶೂ ಚಿಕ್ಕದು. ಕಂಪನಿಯಿಂದ ಕಂಪನಿಗೆ ಸಂಖ್ಯೆ ಹೊಂದುವುದಿಲ್ಲ, ಪಟ್ಟಿ ಸುಳ್ಳು ಹೇಳುವುದಿಲ್ಲ. ಉದ್ದದ ಜೊತೆಗೆ ಅಗಲವೂ ಹೊಂದಬೇಕಾದ್ದರಿಂದ ಮಗುವಿಗೆ ತೊಡಿಸಿ ನಡೆಸಿ ನೋಡುವುದು ಹೇಗೂ ತಪ್ಪದು.

ಪ್ರಾಥಮಿಕ ಶಾಲೆಯ ವಯಸ್ಸಿನಲ್ಲಿ ಪಾದ ವರ್ಷಕ್ಕೆ ಸುಮಾರು 1 ಸೆಂಟಿಮೀಟರ್‌ನಷ್ಟು ಬೆಳೆಯುವುದರಿಂದ ಯಾವ ಶೂವಿನಿಂದಲೂ ಎರಡು ವರ್ಷದ ಬಾಳಿಕೆ ನಿರೀಕ್ಷಿಸುವಂತಿಲ್ಲ. ಆದ್ದರಿಂದ ಹತ್ತು ವರ್ಷ ಬಾಳುವ ದುಬಾರಿ ಚರ್ಮಕ್ಕೆ ಹಣ ಸುರಿಯುವ ಅಗತ್ಯವೂ ಇಲ್ಲ. ಅಟ್ಟೆಯನ್ನು ಬರೀ ಅಂಟಿನಿಂದ ಕೂರಿಸದೆ ಸುತ್ತಲೂ ಹೊಲಿದಿದ್ದರೆ, ಹಿಮ್ಮಡಿಯ ಭಾಗ ಬೆರಳಿನಿಂದ ಒತ್ತಿದರೆ ಕುಸಿಯದಿದ್ದರೆ, ಬೆರಳುಗಳ ಬುಡದಲ್ಲಿ ಸಲೀಸಾಗಿ ಮಡಿಚಿದರೆ ಒಂದು ವರ್ಷಕ್ಕೆ ಅಷ್ಟು ಸಾಕು. ಅಣ್ಣನ ಅಂಗಿ ತಮ್ಮನಿಗೆ ಬರಲಿ, ಆದರೆ ದಿನವೂ ಹಾಕಿದ ಶೂ ಹಾಕಿದವನ ನಡಿಗೆಗೆ ತಕ್ಕಂತೆ ಸವೆದಿರುವುದರಿಂದ ಅದನ್ನು ದಾಟಿಸದಿರುವುದು ಮೇಲು. ನೆನೆದ ಶೂವನ್ನು ಒಲೆಯ ಬಳಿ ಇಡಬಾರದು, ಶಾಖಕ್ಕೆ ಅಂಟು ಬಿಡುತ್ತದೆ. ಹಳೆಯ ಪತ್ರಿಕೆ ತುರುಕಿ ಗಾಳಿಗಿಟ್ಟರೆ ಒಣಗುತ್ತದೆ.

ಕೊಳ್ಳುವ ಹೊತ್ತು

ಎಲ್ಲವನ್ನೂ ಒಂದೇ ದಿನ ಕೊಳ್ಳಬೇಕಾಗಿಲ್ಲ. ಆರಂಭಕ್ಕೆ ಎರಡು ಅಂಗಿ, ಒಂದು ಪ್ಯಾಂಟು, ಒಂದು ಜೊತೆ ಶೂ ಕೊಂಡು, ಉಳಿದದ್ದನ್ನು ಗಿರಾಕಿಗಳ ನೂಕುನುಗ್ಗಲು ಇಳಿದ ಮೇಲೆ ಕೊಂಡರೆ ಖರ್ಚೂ ಹಂಚಿಹೋಗುತ್ತದೆ, ಬಟ್ಟೆ ಒಗೆತಕ್ಕೆ ಹೇಗೆ ತಡೆಯುತ್ತದೆ ಎಂಬುದೂ ಅಷ್ಟರಲ್ಲಿ ಗೊತ್ತಾಗಿರುತ್ತದೆ. ಮುಂದಿನ ವರ್ಷಕ್ಕೆಂದು ಈಗಲೇ ಕೊಳ್ಳುವ ಮುನ್ನ ಸಮವಸ್ತ್ರದ ಮಾದರಿ ಬದಲಾಗುವ ಮಾತಿದೆಯೇ ಎಂದು ಶಾಲೆಯಲ್ಲಿ ವಿಚಾರಿಸಿ. ಶೂ ತಂದ ದಿನ ಹೊರಗೆ ಹಾಕಿಸದೆ, ಮನೆಯೊಳಗೆ ಶುಚಿಯಾದ ನೆಲದ ಮೇಲೆ ಅರ್ಧ ಗಂಟೆ ಓಡಾಡಿಸಿ. ಅಟ್ಟೆಗೆ ಮಣ್ಣು ತಾಗದೆ ರಸೀದಿ ಕೈಯಲ್ಲಿದ್ದರೆ ಬದಲಾಯಿಸಿಕೊಳ್ಳುವುದು ಸುಲಭ.