ಬ್ಲಾಕ್ ಎಣಿಸೋದು ಬಿಟ್ಟು ಕಾಲು ನೋಡಿದೆ: ಡಾನೊವನ್ ಕ್ಲಿಂಗನ್‌ನನ್ನು ನಾನು ಅಳೆದ ಬಗೆ

ಬಾಸ್ಕೆಟ್‌ಬಾಲ್‌ನಲ್ಲಿ ಸೆಂಟರ್, ಅಂದರೆ ರಿಂಗ್ ಕಾಯುವ ಉದ್ದದ ಆಟಗಾರನ ಜಾಗದಲ್ಲಿ, ಆಡುವ ಹುಡುಗನ ವಿಷಯ ಬಂದರೆ ಮೊದಲ ಮಾತು ಎತ್ತರ, ಎರಡನೇ ಮಾತು ಬ್ಲಾಕ್, ಅಂದರೆ ಎದುರಾಳಿಯ ಶಾಟನ್ನು ಕೈಯಿಂದ ತಡೆಯೋದು. ಎರಡೂ ಬೇಕು, ನಿಜ. ಆದರೆ ಅಷ್ಟರಿಂದ ಅವನು ದೊಡ್ಡವರ ಮಧ್ಯೆ ಆಡಬಲ್ಲನೋ ಇಲ್ಲವೋ ಗೊತ್ತಾಗುವುದಿಲ್ಲ. ನಾನು ಕಾಲೇಜಿನಲ್ಲಿ ಸೆಂಟರ್ ಆಡಿದವನು, ಈಗ ಬೆಂಗಳೂರಿನಲ್ಲಿ ವಾರದ ಕೊನೆಗೆ ಹುಡುಗರಿಗೆ ಆಟ ಹೇಳಿಕೊಡುತ್ತೇನೆ. ಉದ್ದದ ಹುಡುಗನೊಬ್ಬ ಮೈದಾನಕ್ಕೆ ಬಂದರೆ ಅವನಲ್ಲಿ ಏನನ್ನು ನೋಡಬೇಕು ಅನ್ನೋದು ನನಗೆ ಯಾವಾಗಲೂ ಎದುರಾಗುವ ಪ್ರಶ್ನೆ. ಅದಕ್ಕೇ 2024ರಲ್ಲಿ ಅಮೆರಿಕದ ವೃತ್ತಿಪರ ಲೀಗ್ ಎನ್‌ಬಿಎಯ ಡ್ರಾಫ್ಟ್‌ಗೆ (ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವ ಕ್ರಮ) ಮುಂಚೆ ಕನೆಟಿಕಟ್ ವಿಶ್ವವಿದ್ಯಾಲಯದ, ಅಂದರೆ ಯುಕಾನ್ ತಂಡದ, ಡಾನೊವನ್ ಕ್ಲಿಂಗನ್ ಬಗ್ಗೆ ಒಂದು ಪೂರ್ತಿ ವರದಿ ನನಗಾಗಿ ಬರೆದುಕೊಂಡೆ.

ಎತ್ತರ ಒಂದೇ ಸಾಲದು ಅನ್ನೋದು ನಮ್ಮ ದೇಶದವರಿಗೆ ಗೊತ್ತಿರುವ ಪಾಠ. 2015ರಲ್ಲಿ ಪಂಜಾಬಿನ ಸತ್ನಾಮ್ ಸಿಂಗ್ ಅವರನ್ನು ಡಲ್ಲಾಸ್ ತಂಡ 52ನೇ ಆಯ್ಕೆಯಾಗಿ ತೆಗೆದುಕೊಂಡಾಗ ನಾವೆಲ್ಲ ಎಷ್ಟು ಖುಷಿಪಟ್ಟಿದ್ದೆವು! ಭಾರತದಲ್ಲಿ ಹುಟ್ಟಿದವರೊಬ್ಬರು ಡ್ರಾಫ್ಟ್ ಆಗಿದ್ದು ಅದೇ ಮೊದಲು. ಆದರೆ ಎನ್‌ಬಿಎ ಲೀಗ್ ಪಂದ್ಯ ಒಂದನ್ನೂ ಆಡಲು ಅವರಿಗೆ ಆಗಲಿಲ್ಲ. ಆ ಹೊತ್ತಿಗೆ ಲೀಗ್ ವೇಗವಾಗಿ ಕಾಲಾಡಿಸುವ ಸೆಂಟರ್‌ಗಳ ಕಡೆ ತಿರುಗಿತ್ತು. ಅಲ್ಲಿಂದ ನನ್ನ ಕಣ್ಣು ಕಾಲಿನ ಮೇಲೇ ಹೋಗುತ್ತದೆ.

ನೋಡುವ ಕ್ರಮ ಹೀಗೆ. ಕಾಮೆಂಟರಿಯ ಸದ್ದು ಬಂದ್ ಮಾಡುತ್ತೇನೆ. ಎದುರಾಳಿ ಚೆಂಡು ತಂದಾಗ ಒಂದು ಸಲ ಮಾಮೂಲಾಗಿ ನೋಡುತ್ತೇನೆ, ಹಿಂದಕ್ಕೆ ಓಡಿಸಿ ಇನ್ನೊಂದು ಸಲ ಸೆಂಟರ್‌ನ ಪಾದ ಮಾತ್ರ ನೋಡುತ್ತೇನೆ, ಚೆಂಡು ಎಲ್ಲಿಗಾದರೂ ಹೋಗಲಿ. ನೋಟ್‌ಬುಕ್‌ನಲ್ಲಿ ಬರೆಯೋದು ಮುಖ್ಯವಾಗಿ ಎರಡೇ ವಿಷಯ: ಸ್ಕ್ರೀನ್ ಬಂದಾಗ (ಚೆಂಡು ಇರುವವನಿಗೆ ದಾರಿ ಮಾಡಲು ಅವನ ಜೊತೆಗಾರ ಡಿಫೆಂಡರ್‌ಗೆ ಅಡ್ಡ ನಿಂತಾಗ) ಅವನು ಎಲ್ಲಿ ನಿಂತಿದ್ದ, ಮತ್ತು ಅವನಿದ್ದಾನೆ ಅಂತ ಎದುರಾಳಿ ಹೊಡೆಯದೇ ಬಿಟ್ಟ ಶಾಟ್ ಎಷ್ಟು. ಈ ಎರಡನೆಯದು ಸ್ಕೋರ್‌ಶೀಟ್‌ನಲ್ಲಿ ಎಲ್ಲೂ ಸಿಗುವುದಿಲ್ಲ, ಕೂತು ನೋಡಿದವನಿಗೇ ಸಿಗೋದು.

ಅಳತೆಯ ವಿಷಯದಲ್ಲಿ ಕ್ಲಿಂಗನ್ ಬಗ್ಗೆ ಚರ್ಚೆಯೇ ಇಲ್ಲ. ಡ್ರಾಫ್ಟ್‌ಗೆ ಮುಂಚೆ ಆಟಗಾರರನ್ನು ಅಳೆದು ಪರೀಕ್ಷಿಸುವ ಶಿಬಿರದಲ್ಲಿ, ಅಂದರೆ ಡ್ರಾಫ್ಟ್ ಕಂಬೈನ್‌ನಲ್ಲಿ, ಶೂ ಇಲ್ಲದೆ 7 ಅಡಿ 1.75 ಇಂಚು, ಚಾಚಿದ ಕೈಗಳ ಅಗಲ 7 ಅಡಿ 6.75 ಇಂಚು, ತೂಕ 282 ಪೌಂಡ್. ನನಗೆ ಇವೆಲ್ಲಕ್ಕಿಂತ ಮುಖ್ಯವಾದದ್ದು ನಿಂತಲ್ಲೇ ಕೈ ಎತ್ತಿದರೆ ಎಲ್ಲಿಗೆ ಮುಟ್ಟುತ್ತದೆ ಅನ್ನೋದು. ಇವನದು 9 ಅಡಿ 7 ಇಂಚು. ರಿಂಗ್ ಇರುವುದು 10 ಅಡಿಗೆ, ಅಂದರೆ ಬರೀ 5 ಇಂಚಿನ ಅಂತರ! 2013ರಲ್ಲಿ ಫ್ರಾನ್ಸ್‌ನ ಸೆಂಟರ್ ರೂಡಿ ಗೋಬೇರ್‌ದೂ ಇಷ್ಟೇ ಇತ್ತು. ಅವನನ್ನು 27ನೇ ಆಯ್ಕೆಯವರೆಗೂ ಯಾರೂ ಮುಟ್ಟಲಿಲ್ಲ, ಆಮೇಲೆ ಅವನು ನಾಲ್ಕು ಸಲ ವರ್ಷದ ಅತ್ಯುತ್ತಮ ಡಿಫೆಂಡರ್ ಆದ. ಇಷ್ಟು ಕೈ ಇರುವವನು ಜಾಸ್ತಿ ಹಾರಬೇಕಾಗಿಲ್ಲ. ಹಾರದೇ ಇದ್ದರೆ ಫೌಲ್ ಕಡಿಮೆ, ಮುಂದಿನ ರೀಬೌಂಡ್‌ಗೆ, ಅಂದರೆ ತಪ್ಪಿದ ಶಾಟ್‌ನ ಚೆಂಡು ಹಿಡಿಯಲು, ಕಾಲು ನೆಲದ ಮೇಲೇ ಇರುತ್ತದೆ.

ಅವನ ಬಲ ಏನು ಅಂತ ತೋರಿಸಲು ಒಂದೇ ಪಂದ್ಯ ಸಾಕು. 2024ರ ಮಾರ್ಚ್ 30, ರಾಷ್ಟ್ರೀಯ ಕಾಲೇಜು ಟೂರ್ನಿಯಲ್ಲಿ ಇಲಿನಾಯ್ ವಿರುದ್ಧ. 23-23 ಸಮ ಇದ್ದಲ್ಲಿಂದ ಯುಕಾನ್ ಸತತವಾಗಿ 30 ಪಾಯಿಂಟ್ ಹೊಡೆಯಿತು, ಅಷ್ಟು ಹೊತ್ತು ಇಲಿನಾಯ್‌ಗೆ ಒಂದೂ ಸಿಗಲಿಲ್ಲ. ಕ್ಲಿಂಗನ್ ಕೈ ಅಡ್ಡ ಬಂದ ಶಾಟ್‌ಗಳಲ್ಲಿ ಅವರು ಹೊಡೆದದ್ದು 19, ಬಿದ್ದದ್ದು ಸೊನ್ನೆ. ಅವನ ಬ್ಲಾಕ್ ಮಾತ್ರ 5. ಉಳಿದವನ್ನು ಅವನು ಮುಟ್ಟಿಯೇ ಇಲ್ಲ, ಆದರೂ ತಪ್ಪಿದವು. ಬ್ಲಾಕ್ ಎಣಿಸಿದರೆ ಆಟದ ಸಣ್ಣ ತುಂಡು ಮಾತ್ರ ಕಾಣುತ್ತದೆ ಅಂತ ನಾನು ಹೇಳೋದು ಇದಕ್ಕೇ.

ಹತ್ತಿರದಿಂದ ನೋಡಿದರೆ ಹೀಗಿರುತ್ತದೆ. ಎದುರಾಳಿಯ ಗಾರ್ಡ್ (ಚೆಂಡು ತರುವ ಚುರುಕಿನ ಆಟಗಾರ) ಸ್ಕ್ರೀನ್ ಸುತ್ತಿ ಒಳಗೆ ಬರುತ್ತಾನೆ, ಕ್ಲಿಂಗನ್ ಮುಂದೆ ನುಗ್ಗುವುದಿಲ್ಲ. ಎರಡು ಹೆಜ್ಜೆ ಕೆಳಗೆ ನಿಂತು, ಮಂಡಿ ಸ್ವಲ್ಪ ಬಗ್ಗಿಸಿ, ಒಂದು ಕೈ ಚೆಂಡಿನ ಕಡೆ, ಇನ್ನೊಂದು ಕೈ ರಿಂಗ್ ಕಡೆ ಓಡುವ ಎದುರಾಳಿ ಸೆಂಟರ್‌ಗೆ ಬರಬಹುದಾದ ಪಾಸ್‌ನ ದಾರಿಗೆ ಅಡ್ಡ ಹಿಡಿದು, ಗಾರ್ಡ್ ಎಷ್ಟು ಬಂದರೆ ಅಷ್ಟೇ ಹಿಂದೆ ಸರಿಯುತ್ತಾನೆ. ಗಾರ್ಡ್ ಇನ್ನೊಂದು ಡ್ರಿಬಲ್ ಹಾಕುತ್ತಾನೆ, ಹಿಂದೆ ಸ್ಕ್ರೀನ್‌ಗೆ ಸಿಕ್ಕಿದ್ದ ಡಿಫೆಂಡರ್ ಅಷ್ಟರಲ್ಲಿ ಬಂದು ಸೇರುತ್ತಾನೆ, ದಾರಿ ಮುಚ್ಚಿತು. ಚೆಂಡು ವಾಪಸ್ ಹೊರಗೆ. ಇದನ್ನು ಡ್ರಾಪ್ ಅಂತಾರೆ. ಸೋಮಾರಿಯ ಕೆಲಸದ ಹಾಗೆ ಕಾಣುತ್ತದೆ, ಆದರೆ ಅರ್ಧ ಹೆಜ್ಜೆ ಮುಂದೆ ಹೋದರೆ ತಲೆ ಮೇಲಿಂದ ಡಂಕ್‌ಗೆ (ರಿಂಗ್‌ಗೆ ಮೇಲಿಂದಲೇ ಚೆಂಡು ತುರುಕಲು) ಪಾಸ್, ಅರ್ಧ ಹೆಜ್ಜೆ ಹಿಂದೆ ಉಳಿದರೆ ಸಲೀಸಾಗಿ ಫ್ಲೋಟರ್, ಅಂದರೆ ಓಡುತ್ತಲೇ ಮೆತ್ತಗೆ ಎತ್ತರಕ್ಕೆ ತೇಲಿಸುವ ಶಾಟ್. 20 ವರ್ಷಕ್ಕೆ ಆ ಅಂತರ ಇಷ್ಟು ಚೆನ್ನಾಗಿ ಗೊತ್ತಿರುವವರನ್ನು ನಾನು ನೋಡಿದ್ದು ಕಡಿಮೆ.

ಈಗ ಅದೇ ಟೂರ್ನಿಯ ಫೈನಲ್. ಪರ್ಡ್ಯೂ ತಂಡದ ಸೆಂಟರ್ ಜಾಕ್ ಈಡಿ 37 ಪಾಯಿಂಟ್ ಹೊಡೆದ, ಕ್ಲಿಂಗನ್ 11. ಮಾರನೇ ದಿನ ನನ್ನ ಸ್ನೇಹಿತರ ಗುಂಪಿನಲ್ಲಿ ಎಲ್ಲರದೂ ಒಂದೇ ಮಾತು, ಕ್ಲಿಂಗನ್ ಸೋತ. ನಾನು ಒಪ್ಪಲಿಲ್ಲ. ಗೆದ್ದದ್ದು ಯುಕಾನ್, 75-60. ಪರ್ಡ್ಯೂ ಆ ವರ್ಷ ಮೂರು ಪಾಯಿಂಟ್ ಶಾಟ್‌ನಲ್ಲಿ ದೇಶದ ಒಳ್ಳೆಯ ತಂಡಗಳಲ್ಲಿ ಒಂದು. ಆ ರಾತ್ರಿ ಅವರಿಗೆ ಹೊರಗಿನಿಂದ ಹೊಡೆಯಲು ಸಿಕ್ಕಿದ್ದೇ 7, ಬಿದ್ದದ್ದು 1. ಕೋಚ್ ಡ್ಯಾನ್ ಹರ್ಲಿ ಈಡಿಯನ್ನು ಬಹುಪಾಲು ಒಬ್ಬನ ಕೈಗೇ ಬಿಟ್ಟು, ಉಳಿದ ನಾಲ್ವರನ್ನು ಶೂಟರ್‌ಗಳಿಗೆ ಅಂಟಿಸಿದ್ದರು. ಆ ಲೆಕ್ಕಾಚಾರ ನಿಂತಿದ್ದೇ ಒಬ್ಬ ಸೆಂಟರ್ ಸಹಾಯ ಕೇಳದೆ ಒದೆ ತಿಂದು ನಿಲ್ಲುತ್ತಾನೆ ಅನ್ನೋ ನಂಬಿಕೆಯ ಮೇಲೆ. ಹಾಗಂತ ದೌರ್ಬಲ್ಯ ಕಾಣಲಿಲ್ಲ ಅಂತಲ್ಲ. ಈಡಿ ಅವನನ್ನು ರಿಂಗ್ ಕೆಳಗಿನವರೆಗೂ ತಳ್ಳಿದ, ಸೊಂಟ ಕೆಳಗಿಳಿಸಿ ತಡೆಯುವ ಬಲ ಇನ್ನೂ ಬರಬೇಕಿತ್ತು. ಅದನ್ನೂ ಬರೆದುಕೊಂಡೆ.

ದೌರ್ಬಲ್ಯ ಬರೆಯುವಾಗ ನಾನು ಸುಮ್ನೆ ಪಟ್ಟಿ ಮಾಡುವುದಿಲ್ಲ. ಇದು ವಯಸ್ಸಿನ ಜೊತೆ ಸರಿಹೋಗುತ್ತದಾ, ಇಲ್ಲವಾ, ಅಥವಾ ಆಟದ ನಿಯಮ ಬದಲಾದ ಮೇಲೆ ಹೊಸದಾಗಿ ಹುಟ್ಟುತ್ತದಾ ಅಂತ ವಿಂಗಡಿಸುತ್ತೇನೆ. ಮೂರನೆಯದನ್ನು ಜಾಸ್ತಿ ಜನ ಮರೆಯುತ್ತಾರೆ. ಅಮೆರಿಕದ ಕಾಲೇಜು ಆಟದಲ್ಲಿ ಡಿಫೆನ್ಸ್‌ಗೆ ಮೂರು ಸೆಕೆಂಡ್ ನಿಯಮ ಇಲ್ಲ, ಸೆಂಟರ್ ಪೇಂಟ್‌ನಲ್ಲಿ, ಅಂದರೆ ರಿಂಗ್ ಮುಂದಿನ ಚೌಕದಲ್ಲಿ, ಎಷ್ಟು ಹೊತ್ತು ಬೇಕಾದರೂ ನಿಲ್ಲಬಹುದು. ಎನ್‌ಬಿಎಯಲ್ಲಿ ಯಾರನ್ನೂ ಹತ್ತಿರದಿಂದ ಕಾಯದೆ ಮೂರು ಸೆಕೆಂಡ್‌ಗಿಂತ ಹೆಚ್ಚು ನಿಂತರೆ ಎದುರಾಳಿಗೆ ಒಂದು ಫ್ರೀ ಥ್ರೋ (ಯಾರೂ ಅಡ್ಡ ಬರದ ಶಾಟ್), ಚೆಂಡೂ ಅವರದೇ. ಪೇಂಟ್ ಕೂಡ 12 ಅಡಿಯಿಂದ 16 ಅಡಿಗೆ ಅಗಲವಾಗುತ್ತದೆ, ಮೂರು ಪಾಯಿಂಟ್ ಗೆರೆ ಇನ್ನೂ ದೂರ. ಎದುರಾಳಿ ಸೆಂಟರೇ ಹೊರಗೆ ನಿಂತು ಶೂಟ್ ಮಾಡುವವನಾದರೆ ಕ್ಲಿಂಗನ್ ಅವನ ಹಿಂದೆ ಅಲ್ಲಿಗೆ ಹೋಗಬೇಕು, ಮತ್ತೆ ಓಡಿ ಬಂದು ರಿಂಗ್ ಕಾಯಬೇಕು. ಅಡ್ಡಡ್ಡ ಜಾರುವಾಗ ಅವನ ಎರಡನೇ ಹೆಜ್ಜೆ ನಿಧಾನ. ಇದು ಪೂರ್ತಿ ಸರಿಹೋಗುತ್ತದೆ ಅಂತ ನನಗೆ ಅನ್ನಿಸಲಿಲ್ಲ. ಸಣ್ಣ ಗಾರ್ಡ್‌ಗೆ ಎದುರು ಬಯಲಿನಲ್ಲಿ ಸಿಕ್ಕಿಬಿದ್ದರೆ ಕಷ್ಟವೇ.

ಫ್ರೀ ಥ್ರೋ ಶೇಕಡಾ 60ಕ್ಕಿಂತ ಕಡಿಮೆ. ಇದನ್ನು ಸರಿಹೋಗಬಹುದು ಅನ್ನುವ ಕಡೆ ಹಾಕಿದೆ, ಯಾಕೆಂದರೆ ರಿಂಗ್ ಹತ್ತಿರದ ಹುಕ್ ಶಾಟ್‌ನಲ್ಲಿ ಅವನ ಕೈ ಮೆತ್ತಗಿದೆ. ಪಾಸ್ ಕೊಡುವುದರಲ್ಲಂತೂ ಅವನಿಗೆ ಸಿಗಬೇಕಾದ ಹೆಸರು ಸಿಕ್ಕಿಲ್ಲ. ಯುಕಾನ್ ಗಾರ್ಡ್‌ಗಳು ಅವನ ಸುತ್ತ ಓಡಿ ಶಾಟ್ ಪಡೆಯುತ್ತಿದ್ದರು, ಯಾವಾಗ ಕೊಡಬೇಕು ಅಂತ ಅವನಿಗೆ ಗೊತ್ತಿತ್ತು.

ನನ್ನನ್ನು ನಿಜವಾಗಿ ಕಾಡಿದ್ದು ಎರಡು ವಿಷಯ, ದಮ್ಮು ಮತ್ತು ಪಾದ. ಮೊದಲ ವರ್ಷ ಯುಕಾನ್‌ನ ಆಗಿನ ಮುಖ್ಯ ಸೆಂಟರ್ ಅಡಾಮಾ ಸನೋಗೋ ಹಿಂದೆ ಪಂದ್ಯಕ್ಕೆ 13 ನಿಮಿಷ, ಎರಡನೇ ವರ್ಷವೂ 40 ನಿಮಿಷದ ಆಟದಲ್ಲಿ 22ರ ಆಸುಪಾಸು. 13 ಪಾಯಿಂಟ್, 7.4 ರೀಬೌಂಡ್, 2.5 ಬ್ಲಾಕ್ ಅಷ್ಟು ಕಡಿಮೆ ಹೊತ್ತಿನಲ್ಲಿ ಬಂದದ್ದು, ಅದು ಹೊಗಳಿಕೆಯೂ ಹೌದು, ಎಚ್ಚರಿಕೆಯೂ ಹೌದು. ದಣಿದಾಗ ಅವನ ಸೊಂಟ ಮೇಲೆ ಬರುತ್ತದೆ, ಕೈ ಕೆಳಗೆ ಇಳಿಯುತ್ತದೆ, ಇದನ್ನು ದೀರ್ಘ ಓಟಗಳ ಕೊನೆಯಲ್ಲಿ ನೋಡಿದೆ. ಇನ್ನು ಪಾದ. 2023ರ ಡಿಸೆಂಬರ್‌ನಲ್ಲಿ ಬಲಗಾಲಿಗೆ ಪೆಟ್ಟಾಗಿ ಕೆಲವು ಪಂದ್ಯ ಆಡಲಿಲ್ಲ. 7 ಅಡಿ ಮೇಲ್ಪಟ್ಟವರ ಪಾದ ಅಂದರೆ, ಪಾದದ ಪೆಟ್ಟಿನಿಂದಲೇ ಆಟ ಬಿಡಬೇಕಾದ ಚೀನಾದ ಸೆಂಟರ್ ಯಾವೋ ಮಿಂಗ್ ನೆನಪಾಗದೇ ಇರುವುದಿಲ್ಲ. ಇಲ್ಲಿ ನೋಡುವವನು ಮಾಡಬಹುದಾದ್ದು ಕಡಿಮೆ, ವೈದ್ಯರ ವರದಿ ತಂಡಗಳ ಕೈಯಲ್ಲಿರುತ್ತದೆ. ವಾಪಸ್ ಬಂದ ಮೇಲೆ ಅವನು ಆ ಕಾಲಿನ ಮೇಲೆ ಭಾರ ಹಾಕಲು ಹಿಂಜರಿಯುತ್ತಾನಾ ಅಂತ ನೋಡಿದೆ. ಮಾರ್ಚ್ ಹೊತ್ತಿಗೆ ಹಿಂಜರಿಕೆ ಕಾಣಲಿಲ್ಲ.

ವರದಿಯ ಕೊನೆಗೆ ಬರೆದದ್ದು ಇಷ್ಟು: ಮೊದಲ ಐದರೊಳಗೆ ತೆಗೆದುಕೊಂಡರೂ ತಪ್ಪಿಲ್ಲ, ಆದರೆ ಡ್ರಾಪ್ ಆಡಿಸುವ ತಂಡವೇ ಆಗಬೇಕು, ಹೊರಗೆ ಸ್ಕ್ರೀನ್ ತಪ್ಪಿಸಿಕೊಂಡು ಬೆನ್ನಟ್ಟುವ ಉದ್ದ ಕೈಯವರು ಜೊತೆಗಿರಬೇಕು, ಮೊದಲ ವರ್ಷ 20 ನಿಮಿಷದ ಮೇಲೆ ಆಡಿಸಬಾರದು. ಪೋರ್ಟ್‌ಲ್ಯಾಂಡ್ 7ನೇ ಆಯ್ಕೆಯಾಗಿ ತೆಗೆದುಕೊಂಡಿತು. ಅಲ್ಲಿ ಟುಮಾನಿ ಕಮಾರಾ ಇದ್ದ, ಬೆನ್ನಟ್ಟುವ ಕೆಲಸಕ್ಕೆ ಅವನಿಗಿಂತ ಬೇಕಾ? ಮೊದಲ ವರ್ಷ 20 ನಿಮಿಷದ ಒಳಗೆ 7.9 ರೀಬೌಂಡ್, 1.6 ಬ್ಲಾಕ್. ಫ್ರೀ ಥ್ರೋ ಮಾತ್ರ ಇದ್ದಲ್ಲೇ ಇತ್ತು, ನೋಟ್‌ಬುಕ್‌ನ ಆ ಸಾಲಿನ ಮುಂದೆ ಇನ್ನೂ ಟಿಕ್ ಹಾಕಿಲ್ಲ.