ಹಾಸಿಗೆ ಹುಣ್ಣು: ಗುರುತಿಸುವುದು ಹೇಗೆ, ಡಾಕ್ಟರಿಗೆ ಹೇಳುವುದು ಹೇಗೆ?

ನಮ್ಮಜ್ಜಿಗೆ ಲಕ್ವ ಹೊಡೆದು ಮೂರು ವಾರವಾಗಿತ್ತು. ದಾವಣಗೆರೆಯ ಮನೆಯಲ್ಲಿ ಒಂದು ಬೆಳಿಗ್ಗೆ ಮೈ ಒರೆಸುವಾಗ ಬಾಲದ ಮೂಳೆಯ ಮೇಲೆ ನೇರಳೆ ಕಲೆ ಕಂಡಿತು. ಒಂದು ರೂಪಾಯಿ ನಾಣ್ಯದಷ್ಟು. ಚರ್ಮ ಕಿತ್ತಿರಲಿಲ್ಲ. ಬೆರಳಿಟ್ಟರೆ ಜಾಸ್ತಿ ಹಣ್ಣಾದ ಟೊಮೆಟೊ ಥರ ಮೆತ್ತಗೆ. ಡಾಕ್ಟರಿಗೆ ಫೋನ್ ಮಾಡಿ "ಸ್ವಲ್ಪ ಕಲೆ ಆಗಿದೆ" ಅಂದೆ. ಮುಲಾಮು ಹಚ್ಚಿ ಅಂದರು. ಎಂಟೇ ದಿನಕ್ಕೆ ಅದು ಬಾಯಿ ಬಿಟ್ಟು ಆಳದ ಕುಳಿಯಾಯಿತು. ಮೆತ್ತಗಿದೆ, ನೇರಳೆಯಾಗಿದೆ, ಮೂಳೆಯ ಮೇಲೇ ಇದೆ ಎಂಬ ಮೂರು ಮಾತು ಅವತ್ತು ನನ್ನ ಬಾಯಿಂದ ಬರಲಿಲ್ಲ.

ಒಂದೇ ಮಗ್ಗುಲಲ್ಲಿ ಬಹಳ ಹೊತ್ತು ಮಲಗಿ ಅಥವಾ ಕೂತು, ಮೂಳೆಯ ಮೇಲಿನ ಚರ್ಮಕ್ಕೆ ಒತ್ತಡ ಬಿದ್ದು ಆಗುವ ಗಾಯವೇ ಹಾಸಿಗೆ ಹುಣ್ಣು. ದಿನಾ ಒಮ್ಮೆ, ಹಗಲು ಬೆಳಕಿನಲ್ಲಿ ನೋಡಿ. ಬಾಲದ ಮೂಳೆ, ಎರಡೂ ಸೊಂಟದ ಬದಿ, ಹಿಮ್ಮಡಿ, ಪಾದದ ಗಂಟು, ಮೊಣಕೈ, ಹೆಗಲ ಮೂಳೆ, ತಲೆಯ ಹಿಂಭಾಗ. ಗಾಲಿಕುರ್ಚಿಯಲ್ಲೇ ಕೂರುವವರಿಗೆ ಕೂತಾಗ ಒತ್ತುವ ಪಿರ್ರೆಯ ಮೂಳೆ. ಹಿಮ್ಮಡಿಯನ್ನು ಎಲ್ಲರೂ ಮರೆಯುತ್ತಾರೆ, ಕಾಲೆತ್ತಿಯೇ ನೋಡಿ.

ಕೆಂಪಾದ ಜಾಗವನ್ನು ಬೆರಳಿನಿಂದ ಮೂರು ಸೆಕೆಂಡು ಒತ್ತಿ ಬಿಡಿ. ಬಿಳಿಚಿಕೊಂಡು ಮತ್ತೆ ಕೆಂಪಾದರೆ ರಕ್ತ ಹರಿಯುತ್ತಿದೆ. ಬಣ್ಣ ಬದಲಾಗದಿದ್ದರೆ ಅದು ಒಂದನೇ ಹಂತದ ಹುಣ್ಣು. ಆದರೆ ನಮ್ಮ ಕಡೆ ಬಹಳ ಜನರ ಮೈಬಣ್ಣ ಕಪ್ಪು, ಕೆಂಪು ಕಾಣುವುದೇ ಇಲ್ಲ, ಅಲ್ವಾ? ಅಂಥವರಲ್ಲಿ ಮುಟ್ಟಿಯೇ ತಿಳಿಯಬೇಕು. ಪಕ್ಕದ ಚರ್ಮಕ್ಕಿಂತ ಬಿಸಿಯೋ ತಣ್ಣಗೋ, ಗಟ್ಟಿಯೋ ಮೆತ್ತಗೋ, ನೋವಿದೆಯೋ? ನಮ್ಮಜ್ಜಿಗಾದಂಥ ನೇರಳೆ ಕಲೆ ಇದ್ದರೆ ಒಳಗಿನ ಮಾಂಸ ಆಗಲೇ ಕೆಟ್ಟಿರಬಹುದು. ಚರ್ಮ ಚೆನ್ನಾಗಿದೆ ಅಂತ ಸುಮ್ನೆ ಕೂರಬೇಡಿ.

ಮೇಲ್ಚರ್ಮ ಸುಲಿದಿದ್ದರೆ ಅಥವಾ ನೀರುಗುಳ್ಳೆ ಎದ್ದಿದ್ದರೆ ಎರಡನೇ ಹಂತ. ಕುಳಿ ಬಿದ್ದು ಹಳದಿ ಕೊಬ್ಬು ಕಂಡರೆ ಮೂರನೆಯದು. ಮಾಂಸಖಂಡ, ಮೂಳೆ ಕಂಡರೆ ನಾಲ್ಕನೆಯದು. ತಳವೆಲ್ಲ ಹಳದಿ ಲೋಳೆ ಅಥವಾ ಕಪ್ಪು ಹಕ್ಕಳೆಯಿಂದ ಮುಚ್ಚಿದ್ದರೆ ಹಂತ ಹೇಳಲು ಬರುವುದಿಲ್ಲ. ಆ ಹಕ್ಕಳೆಯನ್ನು ಮನೆಯಲ್ಲಿ ಕೀಳಲೇಬೇಡಿ.

ಎಲ್ಲ ಗಾಯವೂ ಒತ್ತಡದ್ದಲ್ಲ. ಏಪ್ರಿಲ್ ಸೆಕೆಯಲ್ಲಿ ರೆಕ್ಸಿನ್ ಹಾಳೆಯ ಮೇಲೆ ಬೆವರು, ಮೂತ್ರ ನಿಂತು ತೊಡೆಸಂದಿಯಲ್ಲಿ ಚರ್ಮ ಬೆಂದಂತಾಗುತ್ತದೆ. ಅದರ ಅಂಚು ಸ್ಪಷ್ಟ ಇರುವುದಿಲ್ಲ, ಆಳವೂ ಇರುವುದಿಲ್ಲ. ಶುಗರ್ ಇರುವವರ ಅಂಗಾಲಿನ ಗಾಯ ಎಷ್ಟೋ ಸಲ ನೋಯುವುದೇ ಇಲ್ಲ. ಪಾದದ ಒಳಗಂಟಿನ ಮೇಲ್ಗಡೆ ರಸಿಗೆ ಸೋರುವ ಹುಣ್ಣು ಹೆಚ್ಚಾಗಿ ಉಬ್ಬಿದ ರಕ್ತನಾಳದ್ದು.

ಈಗ ಒಂದು ನೋಟ್‌ಬುಕ್ ಇಡಿ. ಗಾಯಕ್ಕೆ ತಾಗಿಸದೆ ಪಕ್ಕದಲ್ಲಿ ಸ್ಕೇಲ್ ಹಿಡಿದು ಅಳೆಯಿರಿ. ತಲೆಯಿಂದ ಕಾಲಿನ ಕಡೆಗೆ ಉದ್ದ, ಅದಕ್ಕೆ ಅಡ್ಡ ಅಗಲ. ಆಳ ತಿಳಿಯಲು ಏನನ್ನೂ ತುರುಕಬೇಡಿ, ಅದು ನರ್ಸ್ ಕೆಲಸ. ನಾನು ಆಮೇಲೆ ಹೀಗೆ ಬರೆಯತೊಡಗಿದೆ: "ಬಾಲದ ಮೂಳೆ ಮೇಲೆ. ಉದ್ದ 4, ಅಗಲ 3 ಸೆಂ.ಮೀ. ತಳ ಅರ್ಧ ಕೆಂಪು, ಅರ್ಧ ಹಳದಿ. ರಸಿಗೆ ದಿನಕ್ಕೆ ಎರಡು ಬಟ್ಟೆ ನೆನೆಯುವಷ್ಟು. ವಾಸನೆ ಇದೆ. ಅಂಚು ತಲೆ ಕಡೆ ಒಳಗೆ ಸರಿದಿದೆ. ಸುತ್ತ ಬಿಸಿ." ಇಷ್ಟು ಓದಿ ಹೇಳಿದರೆ ಫೋನಿನ ಆ ಕಡೆಯವರಿಗೆ ಗಾಯ ಕಣ್ಣಿಗೆ ಕಟ್ಟುತ್ತದೆ. ಒಂದೇ ದೂರದಿಂದ ವಾರಕ್ಕೊಂದು ಫೋಟೊ ತೆಗೆದಿಡಿ.

ಕೆಂಪಾದ ಜಾಗವನ್ನು ಎಣ್ಣೆ ಹಚ್ಚಿ ತಿಕ್ಕಬೇಡಿ, ಒಳಗಿನ ಮಾಂಸ ಇನ್ನಷ್ಟು ನಜ್ಜುತ್ತದೆ. ಅರಿಶಿನ, ಪೌಡರ್ ತುಂಬಬೇಡಿ. ಟ್ಯೂಬಿನ ಉಂಗುರದ ಮೇಲೆ ಕೂರಿಸಿದರೆ ಸುತ್ತಲಿನ ರಕ್ತ ಓಡಾಟವೇ ಕಡಿಮೆಯಾಗುತ್ತದೆ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ, ಗಾಳಿ ಹಾಸಿಗೆ ತಂದಿದ್ದರೂ ಅಷ್ಟೇ. ಹಿಮ್ಮಡಿ ಹಾಸಿಗೆಗೆ ತಾಗದಂತೆ ಮೀನಖಂಡದ ಕೆಳಗೆ ದಿಂಬಿಡಿ.

ಜ್ವರ, ಕೀವು, ಹರಡುವ ಕೆಂಪು, ಕೆಟ್ಟ ವಾಸನೆ, ಕಾಣುವ ಮೂಳೆ, ಇದ್ದಕ್ಕಿದ್ದಂತೆ ಮಂಕಾಗುವುದು: ಇವುಗಳಲ್ಲಿ ಒಂದಿದ್ದರೂ ಅವತ್ತೇ ಹೊರಡಿ. ದಾವಣಗೆರೆಯವರು ಚಿಗಟೇರಿ ಆಸ್ಪತ್ರೆಗೆ, ಚಿತ್ರದುರ್ಗದವರು ಅಲ್ಲಿನ ಜಿಲ್ಲಾಸ್ಪತ್ರೆಗೆ ಹೋಗಬಹುದು. ಬೇಕಾದರೆ 108ಕ್ಕೆ ಕರೆ ಮಾಡಿ. ನೋಟ್‌ಬುಕ್ ಜೊತೆಗಿರಲಿ. ದಾರಿಯುದ್ದಕ್ಕೂ ಹುಣ್ಣಿನ ಮೇಲೆ ಭಾರ ಬೀಳದ ಹಾಗೆ ಮಗ್ಗುಲಾಗಿ ಮಲಗಿಸಿ.