ಟಾರ್ಕ್ ಹೆಚ್ಚಿತು, ಗೇರ್‌ಬಾಕ್ಸ್ ಜಾರಿತು: ಡೀಸೆಲ್ ವ್ಯಾನಿನ ಜತೆ ನನ್ನ ಅನುಭವ

ನನ್ನದು 2000ನೇ ಇಸವಿಯ ಫೋರ್ಡ್ ಇ-350. 7.3 ಲೀಟರ್ ಪವರ್ ಸ್ಟ್ರೋಕ್ ಡೀಸೆಲ್ ಎಂಜಿನ್, ಅದಕ್ಕೆ 4ಆರ್100 ಆಟೋಮ್ಯಾಟಿಕ್ ಗೇರ್‌ಬಾಕ್ಸ್. ವ್ಯಾನಿನಲ್ಲಿ ಈ ಎಂಜಿನ್ ಇಂಟರ್‌ಕೂಲರ್ (ಟರ್ಬೊದಿಂದ ಎಂಜಿನ್ನಿಗೆ ಹೋಗುವ ಗಾಳಿಯನ್ನು ತಂಪು ಮಾಡುವ ಭಾಗ) ಇಲ್ಲದೆಯೇ ಬರುತ್ತಿತ್ತು. ನಾನು ಅದನ್ನು ಕೂರಿಸಿ, ದೊಡ್ಡ ಇಂಜೆಕ್ಟರ್ ಹಾಕಿ, ಟ್ಯೂನ್ (ಗಾಡಿಯ ಕಂಪ್ಯೂಟರಿನ ಪ್ರೋಗ್ರಾಮ್) ಬದಲಿಸಿದೆ. ಆಮೇಲೆ ಏರಿನಲ್ಲಿ ಆಕ್ಸಿಲರೇಟರ್ ಒತ್ತಿದರೆ ಎಂಜಿನ್ ರೇಸ್ ಆಗುತ್ತಿತ್ತು, ಗಾಡಿ ಮಾತ್ರ ಎಳೆಯುತ್ತಿರಲಿಲ್ಲ.

ಗೇರ್‌ಬಾಕ್ಸ್ ಇಳಿಸುವ ಮೊದಲು ಜಾರುತ್ತಿರುವುದು ಎಲ್ಲಿ ಅಂತ ತಿಳಿಯಬೇಕು. ಇದರ ನಾಲ್ಕು ಗೇರುಗಳ ಅನುಪಾತಗಳು, ಅಂದರೆ ಡ್ರೈವ್ ಶಾಫ್ಟ್ ಒಂದು ಸುತ್ತು ತಿರುಗಲು ಗೇರ್‌ಬಾಕ್ಸಿನ ಒಳಬರುವ ಶಾಫ್ಟ್ ತಿರುಗಬೇಕಾದ ಸುತ್ತುಗಳು, 2.71, 1.54, 1.00, 0.71. ಎಂಜಿನ್ನಿನ ಶಕ್ತಿಯನ್ನು ಆಯಿಲ್ ಮೂಲಕ ಗೇರ್‌ಬಾಕ್ಸಿಗೆ ದಾಟಿಸುವ ಭಾಗ ಕನ್ವರ್ಟರ್; ಅದರೊಳಗಿನ ಕ್ಲಚ್ ಹಿಡಿದರೆ ಎರಡೂ ನೇರ ಜೋಡಿಯಾಗುತ್ತವೆ, ಇದೇ ಲಾಕಪ್. ನಾಲ್ಕನೇ ಗೇರಿನಲ್ಲಿ ಕನ್ವರ್ಟರ್ ಲಾಕ್ ಆಗಿದ್ದಾಗ ಡ್ರೈವ್ ಶಾಫ್ಟ್ ನಿಮಿಷಕ್ಕೆ 2600 ಸುತ್ತು ತಿರುಗಿದರೆ ಎಂಜಿನ್ 1846ರಲ್ಲಿ ಇರಬೇಕು. ಡ್ರೈವ್ ಶಾಫ್ಟಿನ ವೇಗವನ್ನು ಗಾಡಿಯ ವೇಗ, ಟಯರ್ ಅಳತೆ, ಡಿಫರೆನ್ಷಿಯಲ್ ಅನುಪಾತದಿಂದ ಲೆಕ್ಕ ಹಾಕಿಕೊಂಡೆ. ಸ್ಕ್ಯಾನರ್‌ನಲ್ಲಿ ಎಂಜಿನ್ 2150ರ ಆಸುಪಾಸು ತೋರಿಸುತ್ತಿತ್ತು. ಅಂದರೆ ಸುಮಾರು 300 ಸುತ್ತು ಜಾರಿಕೆ. ಬ್ರೇಕ್ ಪೆಡಲ್ ಮೇಲೆ ಹಗುರವಾಗಿ ಕಾಲಿಟ್ಟರೆ ಲಾಕಪ್ ಬಿಡುತ್ತದೆ, ಆಗ ಆರ್‌ಪಿಎಂ ಜಿಗಿಯಬೇಕು. ಲೋಡಿನಲ್ಲಿ ಅದು ಹೆಚ್ಚುಕಮ್ಮಿ ಇದ್ದಲ್ಲೇ ಇತ್ತು. ಜತೆಗೆ ಸ್ಕ್ಯಾನರ್‌ನಲ್ಲಿ ಪಿ0741 ಕೋಡ್, ಅಂದರೆ ಕನ್ವರ್ಟರ್ ಕ್ಲಚ್ಚಿನ ದೋಷದ ಸೂಚನೆ. ಕನ್ವರ್ಟರಿನ ಒಳಗಿನ ಕ್ಲಚ್ ಕೈಬಿಟ್ಟಿದೆ ಅನ್ನುವುದು ಖಚಿತವಾಯಿತು. ಎರಡರಿಂದ ಮೂರಕ್ಕೆ ಬೀಳುವಾಗಲೂ ಕ್ಷಣಕಾಲ ರೇಸ್ ಆಗುತ್ತಿತ್ತು. ಅದು ಮೂರನೇ ಗೇರಿಗೆ ಹಿಡಿಯುವ ಡೈರೆಕ್ಟ್ ಕ್ಲಚ್ ಜಾರುವ ಲಕ್ಷಣ. ಅದೇ ಕ್ಲಚ್ ರಿವರ್ಸ್‌ನಲ್ಲೂ ಕೆಲಸ ಮಾಡುತ್ತದೆ. ಆದರೆ ರಿವರ್ಸ್‌ನಲ್ಲಿ ಆಯಿಲ್ ಒತ್ತಡ ತುಂಬ ಜಾಸ್ತಿ, ಹಾಗಾಗಿ ರಿವರ್ಸ್ ಚೆನ್ನಾಗಿ ಹಿಡಿಯಿತು ಅಂದ ಮಾತ್ರಕ್ಕೆ ಕ್ಲಚ್ ಚೆನ್ನಾಗಿದೆ ಎಂದು ನಂಬಬಾರದು.

ಬಹಳ ಜನ ಇಲ್ಲಿ ನೇರ ಕ್ಲಚ್ ಪ್ಲೇಟ್‌ಗಳಿಗೆ ಕೈಹಾಕುತ್ತಾರೆ. ನನ್ನ ಪ್ರಕಾರ ಮೊದಲು ನೋಡಬೇಕಾದದ್ದು ಒತ್ತಡ. ಪ್ಲೇಟ್ ಎಷ್ಟೇ ಒಳ್ಳೆಯದಿರಲಿ, ಅದನ್ನು ಅದುಮಿ ಹಿಡಿಯುವುದು ಆಯಿಲ್. ಈ ಗಾಡಿಯಲ್ಲಿ ಎಂಜಿನ್ನಿಗೂ ಗೇರ್‌ಬಾಕ್ಸಿಗೂ ಒಂದೇ ಕಂಪ್ಯೂಟರ್. ಎಂಜಿನ್ ಎಷ್ಟು ಟಾರ್ಕ್ (ತಿರುಗಿಸುವ ಬಲ) ಕೊಡುತ್ತಿದೆ ಎಂದು ಅದು ಅಂದಾಜು ಮಾಡಿ, ಒಂದು ಸೊಲೆನಾಯ್ಡ್ (ವಿದ್ಯುತ್ತಿನಿಂದ ನಡೆಯುವ ವಾಲ್ವ್) ಮೂಲಕ ಆಯಿಲ್ ಒತ್ತಡ ಹೊಂದಿಸುತ್ತದೆ. ಟ್ಯೂನ್ ಡೀಸೆಲ್ ಮಾತ್ರ ಹೆಚ್ಚಿಸಿ ಒತ್ತಡದ ಲೆಕ್ಕವನ್ನು ಹಳೆಯದೇ ಬಿಟ್ಟರೆ ಹೊಸ ಕ್ಲಚ್ಚೂ ಸುಡುತ್ತದೆ. 300 ಪಿಎಸ್‌ಐ ತನಕ ತೋರಿಸುವ ಗೇಜನ್ನು ಕೇಸಿನ ಟೆಸ್ಟ್ ಪೋರ್ಟಿಗೆ ಜೋಡಿಸಿ ನೋಡಿದೆ. ಪಂಪ್ ಗಟ್ಟಿಯಾಗಿಯೇ ಇತ್ತು, ಲೋಡಿಗೆ ತಕ್ಕಂತೆ ಒತ್ತಡ ಏರುತ್ತಿರಲಿಲ್ಲ.

ಗೇರ್‌ಬಾಕ್ಸ್ ನೂರು ಕಿಲೋಗೂ ಹೆಚ್ಚು ತೂಗುತ್ತದೆ. ಸರಪಳಿ ಇರುವ ಟ್ರಾನ್ಸ್‌ಮಿಷನ್ ಜ್ಯಾಕ್ ಇಲ್ಲದೆ ಅದರ ಕೆಳಗೆ ಮಲಗಲೇಬೇಡಿ. ಬಿಚ್ಚಿದಾಗ ಡೈರೆಕ್ಟ್ ಕ್ಲಚ್ಚಿನ ಫ್ರಿಕ್ಷನ್ ಪ್ಲೇಟ್‌ಗಳು ಇದ್ದಿಲ ಬಣ್ಣಕ್ಕೆ ತಿರುಗಿದ್ದವು. ಉಗುರಿನಿಂದ ಕೆರೆದರೆ ಪದರ ಪುಡಿಯಾಗಿ ಉದುರುತ್ತಿತ್ತು. ಪಕ್ಕದ ಸ್ಟೀಲ್ ಪ್ಲೇಟ್‌ಗಳ ಮೇಲೆ ನೀಲಿ ಮಚ್ಚೆ. ಒಂದೆರಡು ಕಡೆ ಮಾತ್ರ ಹೀಗಿದ್ದರೂ ಸ್ಟೀಲ್ ಪ್ಲೇಟ್‌ಗಳನ್ನು ಪೂರ್ತಿ ಸೆಟ್ ಬದಲಿಸಬೇಕು; ಬಿಸಿಗೆ ಸೊಟ್ಟಗಾದದ್ದು ಕಣ್ಣಿಗೆ ಕಾಣುವುದಿಲ್ಲ.

ಒಂದೇ ಡಿಸ್ಕಿನ ಹಳೆ ಕನ್ವರ್ಟರ್ ತೆಗೆದು ಮೂರು ಡಿಸ್ಕಿನದು ಹಾಕಿದೆ. ಅದೇ ಒತ್ತಡಕ್ಕೆ ಹಿಡಿತ ಎಷ್ಟೋ ಪಟ್ಟು ಹೆಚ್ಚು. ಹೊಸ ಫ್ರಿಕ್ಷನ್ ಪ್ಲೇಟ್‌ಗಳನ್ನು ಆಯಿಲಿನಲ್ಲಿ ನೆನೆಸಿ, ಜೋಡಿಸಿ, ಪ್ರತಿ ಪ್ಯಾಕಿನ ಸಂದನ್ನು ಫೀಲರ್ ಗೇಜಿನಲ್ಲಿ ಅಳೆದೆ. ಆಮೇಲೆ ಪ್ರತಿ ಕ್ಲಚ್ಚಿನ ಆಯಿಲ್ ದಾರಿಗೆ ಗಾಳಿ ಬಿಟ್ಟು ನೋಡಿದೆ. ಪಿಸ್ಟನ್ 'ಟಪ್' ಎಂದು ಕೂತು ಹಿಡಿದುಕೊಳ್ಳಬೇಕು. ಬುಸ್ ಎಂದು ಗಾಳಿ ಸೋರಿದರೆ ಸೀಲ್ ಮಡಚಿದೆ ಎಂದರ್ಥ. ಈ ಪರೀಕ್ಷೆ ಬಿಟ್ಟು ಯಾರೂ ಕೇಸ್ ಮುಚ್ಚಬಾರದು.

ಆಯಿಲನ್ನು ಆಯಾ ಕ್ಲಚ್ಚಿಗೆ ಹರಿಸುವ ವಾಲ್ವ್ ಬಾಡಿಗೆ, ಶಿಫ್ಟ್ ಬಿಗಿಗೊಳಿಸುವ ಮಧ್ಯಮ ಬಗೆಯ ಕಿಟ್ ಸಾಕು ಅನ್ನಿಸಿತು. ಪ್ರತಿ ಗೇರಿಗೂ ಬೆನ್ನಿಗೆ ಗುದ್ದುವಂಥ ಶಿಫ್ಟ್ ನನಗೆ ಹಿಡಿಸುವುದಿಲ್ಲ. ಅದು ಶಾಫ್ಟಿಗೂ ಯೂನಿವರ್ಸಲ್ ಜಾಯಿಂಟಿಗೂ ಏಟು.

ಗೇರ್‌ಬಾಕ್ಸ್ ಆಯಿಲಿನ ಹಳೆಯ ಕೂಲರನ್ನು ತೊಳೆದು ಮತ್ತೆ ಹಾಕಲಿಲ್ಲ. ಸುಟ್ಟ ಕ್ಲಚ್ಚಿನ ಕಸ ಅದರ ಸಂದಿಗಳಲ್ಲಿ ಕೂತು, ದಿನಕಳೆದಂತೆ ಹೊಸ ಗೇರ್‌ಬಾಕ್ಸಿಗೆ ಬರುತ್ತದೆ. ದೊಡ್ಡ ಕೂಲರ್ ಹಾಕಿ, ಲೈನ್‌ಗಳನ್ನು ಫ್ಲಶ್ ಮಾಡಿ, ಆಯಿಲ್ ಬಿಸಿ ತೋರಿಸುವ ಮೀಟರ್ ಕೂರಿಸಿದೆ.

ಮೇಲೇರಿಸುವಾಗ ಕನ್ವರ್ಟರನ್ನು ತಿರುಗಿಸುತ್ತಾ ಒಳಗೆ ತಳ್ಳಿ, ಪಂಪಿನ ಗೇರಿಗೂ ಶಾಫ್ಟಿಗೂ ಸರಿಯಾಗಿ ಕೂರಿಸಬೇಕು. ಎಂಜಿನ್ನಿಗೆ ಒತ್ತಿದ ಮೇಲೂ ಅದು ಕೈಯಿಂದ ಸಲೀಸಾಗಿ ತಿರುಗಬೇಕು. ಬೋಲ್ಟ್ ಬಿಗಿದು ಎಳೆದುಕೊಳ್ಳಲು ಹೋದರೆ ಪಂಪ್ ಒಡೆದಂತೆಯೇ.

ಕೊನೆಗೆ ಟ್ಯೂನ್. ಲೋಡಿನಲ್ಲಿ ಒತ್ತಡ ಏರಿಸಿ, ಹಗುರ ಆಕ್ಸಿಲರೇಟರಿನಲ್ಲಿ ಹಳೆಯ ಮಟ್ಟಕ್ಕೇ ಬಿಟ್ಟೆವು. ಏರಿನಲ್ಲಿ ಈಗ ಎಂಜಿನ್ ಆರ್‌ಪಿಎಂ ಲೆಕ್ಕಕ್ಕೆ ಸರಿಹೊಂದುತ್ತದೆ. ಮೊದಲ ಸಲ ಗೇರ್‌ಬಾಕ್ಸಿನ ತಳದ ಆಯಿಲ್ ಪ್ಯಾನ್ ಬಿಚ್ಚಿದಾಗ, ಲೋಹದ ಪುಡಿ ಹಿಡಿಯಲು ಅದರಲ್ಲಿರುವ ಅಯಸ್ಕಾಂತದ ಮೇಲೆ ತೆಳು ಬೂದು ಪೇಸ್ಟ್ ಮಾತ್ರ ಇತ್ತು. ಹೊಸ ಪ್ಲೇಟ್‌ಗಳು ಒಗ್ಗುವಾಗ ಅಷ್ಟು ಬರುವುದು ಸಹಜ. ಫಿಲ್ಟರ್ ಬದಲಿಸಿ, ಹೊಸ ಆಯಿಲ್ ತುಂಬಿದೆ.